ನಾಯಿ ಹೊಟ್ಟೆಗೆ ತುಪ್ಪ

"ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ?" ಎಂಬ ಮಾತನ್ನು ಕನ್ನಡಿಗರು ತಲೆತಲಾಂತರದಿಂದ ಮನುಷ್ಯರನ್ನು ಬೈಯುವುದಕ್ಕೇ ಖರ್ಚು ಮಾಡಿಬಿಟ್ಟರು. ಬಡ್ತಿ ಸಿಕ್ಕಿ ಮೆರೆದ ಗುಮಾಸ್ತ, ಆಸ್ತಿ ಬಂದು ಕುಣಿದ ದಾಯಾದಿ, ಮಂತ್ರಿಯಾಗಿ ಆರು ತಿಂಗಳಿಗೇ ಎಡವಿದ ಶಾಸಕ, ಎಲ್ಲರಿಗೂ ಇದೇ ಗಾದೆ. ಇದು ನಾಯಿಯ ವಿಚಾರವೂ ಆಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಜಿಡ್ಡು ಜಾಸ್ತಿಯಾದರೆ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ವಾಂತಿಯಾಗುತ್ತದೆ, ಪ್ರಾಣಿ ಬೆನ್ನು ಬಾಗಿಸಿಕೊಂಡು ಮೂಲೆ ಹಿಡಿಯುತ್ತದೆ. ಪಶುವೈದ್ಯರು ಇವತ್ತು ಫೀಸು ತೆಗೆದುಕೊಂಡು ಹೇಳುವುದನ್ನು ಹಿರಿಯರು ಪುಕ್ಕಟೆಯಾಗಿ ಹೇಳಿ ಹೋಗಿದ್ದರು. ಪುಕ್ಕಟೆ ಸಲಹೆಗೆ ಬೆಂಗಳೂರಿನಲ್ಲಿ ಏನು ಬೆಲೆ? ಅದೇ ಮಾತನ್ನು 'ಲೋ ಫ್ಯಾಟ್ ಗ್ಯಾಸ್ಟ್ರೋ ಇಂಟೆಸ್ಟೈನಲ್' ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿ, ಕಿಲೋಗೆ ಸಾವಿರ ರೂಪಾಯಿಯ ಆಸುಪಾಸು ಬೆಲೆ ಇಟ್ಟ ಮೇಲೆ ಜನ ಗಂಭೀರವಾಗಿ ತಲೆದೂಗಿದರು.

ಈಗ ಯಾವ ಬಡಾವಣೆಗೆ ಹೋದರೂ ಒಂದು ಬೇಕರಿ, ಪಕ್ಕದಲ್ಲಿ ಮೆಡಿಕಲ್ ಸ್ಟೋರು, ಅದರ ಪಕ್ಕದಲ್ಲಿ ಪೆಟ್ ಶಾಪು. ಮೂರರದ್ದೂ ಹೊಟ್ಟೆಯ ವ್ಯಾಪಾರವೇ. ಬೇಕರಿ ಕೆಡಿಸುತ್ತದೆ, ಮೆಡಿಕಲ್ ಸ್ಟೋರು ರಿಪೇರಿ ಮಾಡುತ್ತದೆ, ಪೆಟ್ ಶಾಪಿನಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಕೆಳಗಿನ ಸಾಲಿನಲ್ಲಿ ಬಣ್ಣಬಣ್ಣದ ಬಿಸ್ಕತ್ತು, ಅಗಿಯುವುದಕ್ಕೆ ಚರ್ಮದ ಕಡ್ಡಿ; ಕಣ್ಣಿನ ಎತ್ತರದ ಸಾಲಿನಲ್ಲಿ ಇವನ್ನೆಲ್ಲ ತಿಂದು ಕೆಟ್ಟ ಹೊಟ್ಟೆಗಾಗಿ 'ಸೆನ್ಸಿಟಿವ್'. ಮರಿಗೆ ಬೇರೆ ಮೂಟೆ, ಮುದಿಗೆ ಬೇರೆ ಮೂಟೆ. ಲ್ಯಾಬ್ರಡಾರ್‌ಗೆ ಒಂದು, ಪಗ್‌ಗೆ ಒಂದು, ಪರ್ಷಿಯನ್ ಬೆಕ್ಕಿಗೆ ಮತ್ತೊಂದು. ಜಾತಿ ನೋಡಿ ಪಂಕ್ತಿ ಹಾಕುವುದು ಅಪರಾಧವೆಂದು ಭಾಷಣದಲ್ಲಾದರೂ ಒಪ್ಪಿಕೊಂಡ ನಾವು, ನಾಯಿಯ ಊಟದಲ್ಲಿ ಆ ಪದ್ಧತಿಯನ್ನು ಚೊಕ್ಕವಾಗಿ ಕಾಪಾಡಿಕೊಂಡು ಬಂದಿದ್ದೇವೆ. ಅಂತರ್ಜಾತಿ ಸಂತಾನವಾದ ಬೀದಿನಾಯಿಗೆ ಮಾತ್ರ ಕಪಾಟಿನಲ್ಲಿ ಜಾಗವಿಲ್ಲ.

ಅಂಗಡಿಯಲ್ಲಿರುವ ಹುಡುಗ ಪಿಯುಸಿ ಮುಗಿಸಿ ಬಂದವನು. ಆದರೆ ಅವನ ರೋಗನಿದಾನದ ವೇಗ ಯಾವ ಎಂಡಿ ಡಾಕ್ಟರಿಗೂ ಇಲ್ಲ.

"ಲೂಸ್ ಮೋಷನ್ನಾ ಸಾರ್? ಹಂಗಾದ್ರೆ ಚಿಕನ್ ಅಲರ್ಜಿ. ಸಾಲ್ಮನ್‌ಗೆ ಹಾಕ್ಬಿಡಿ."

"ಕೆರ್ಕೊಳ್ತಿದೆ ಅಷ್ಟೇ."

"ಅದೂ ಚಿಕನ್ನೇ ಸಾರ್."

"ಸುಮ್ನೆ ಮಲಗಿರುತ್ತೆ ಕಣಪ್ಪ."

"ಗ್ರೇನ್ ಅಲರ್ಜಿ."

ಕಬ್ಬನ್ ಪಾರ್ಕಿನಾಚೆಗೆ ಪ್ರಪಂಚ ಕಾಣದ, ಕೆರೆಯ ಮೀನನ್ನೂ ಮೂಸಿ ನೋಡದ ನಾಯಿಗೆ ಉತ್ತರ ಅಟ್ಲಾಂಟಿಕ್‌ನ ಸಾಲ್ಮನ್ ಏಕೆ ಒಗ್ಗಬೇಕು ಎಂದು ಕೇಳಿದರೆ ಅವನ ಹತ್ತಿರ ಉತ್ತರವಿದೆ: "ಓಡ್ತಾ ಇದೆ ಸಾರ್." ನಾಯಿಯೋ ಮಾಲೋ ಎಂದು ನಾನು ಕೇಳಲಿಲ್ಲ.

ಪ್ಯಾಕೆಟ್ಟಿನ ಮುಂಭಾಗದಲ್ಲಿರುವುದು ಸಾಹಿತ್ಯ. ಹಿಂಭಾಗದಲ್ಲಿ, ಭೂತಗನ್ನಡಿಗೆ ಸಿಗುವ ಅಕ್ಷರದಲ್ಲಿ, ಸತ್ಯ ಇರುತ್ತದೆ. ಅಮೆರಿಕದ ಲೇಬಲ್ ನಿಯಮದ ಪ್ರಕಾರ 'ವಿತ್ ಚಿಕನ್' ಎಂದು ದೊಡ್ಡದಾಗಿ ಬರೆದುಕೊಳ್ಳಲು ಒಳಗೆ ಶೇ 3ರಷ್ಟು ಕೋಳಿಯಿದ್ದರೆ ಸಾಕು. 'ಚಿಕನ್ ಡಿನ್ನರ್' ಎನ್ನಬೇಕಾದರೆ ಶೇ 25 ಬೇಕು. 'ಚಿಕನ್ ಫ್ಲೇವರ್' ಆದರೆ ಪರೀಕ್ಷೆಯಲ್ಲಿ ಕೋಳಿಯ ಸುಳಿವು ಸಿಕ್ಕರೆ ಸಾಕು. ಮದುವೆಮನೆಯ ಬಿಸಿಬೇಳೆಬಾತಿನಲ್ಲಿ ಗೋಡಂಬಿ ಇದ್ದ ಹಾಗೆ: ಇದೆ ಎಂಬ ಮಾತಿದೆ, ನಿಮ್ಮ ಎಲೆಗೆ ಬಿದ್ದರೆ ನಿಮ್ಮ ಪುಣ್ಯ. ಹೀಗಿರುವಾಗ 'ವಿತ್ ಸಾಲ್ಮನ್' ಪ್ಯಾಕೆಟ್ಟಿನಲ್ಲಿ ಸಾಲ್ಮನ್ ಎಷ್ಟು, ಉಳಿದದ್ದೆಲ್ಲ ಏನು ಎಂದು ಹಿಂದೆ ತಿರುಗಿಸಿ ಓದಿದವರು ಕಡಿಮೆ. ಓದಿದರೆ ಆ ಉಳಿದದ್ದರಲ್ಲಿ ಅದೇ ಕೋಳಿ ತಣ್ಣಗೆ ಕೂತಿರುವುದು ಎಷ್ಟೋ ಸಲ ಕಾಣುತ್ತದೆ.

ಇನ್ನು ಕಂಪನಿಗಳ ವಂಶವೃಕ್ಷ. ಪೆಡಿಗ್ರಿ, ವಿಸ್ಕಸ್, ರಾಯಲ್ ಕ್ಯಾನಿನ್ ಮೂರೂ ಮಾರ್ಸ್ ಸಂಸ್ಥೆಯವು, ಅಂದರೆ ಸ್ನಿಕರ್ಸ್ ಚಾಕೊಲೇಟಿನವರು. ಪ್ಯೂರಿನಾ ನೆಸ್ಲೆಯದು, ಕಿಟ್‌ಕ್ಯಾಟ್ ಮತ್ತು ಮ್ಯಾಗಿಯವರು. ಹಿಲ್ಸ್ ಅನ್ನು 1976ರಲ್ಲಿ ಕೊಂಡದ್ದು ಕೋಲ್ಗೇಟ್. ಚಾಕೊಲೇಟಿನಲ್ಲಿರುವ ಥಿಯೋಬ್ರೊಮೈನ್ ನಾಯಿಗೆ ವಿಷ ಎನ್ನುವುದನ್ನು ಇದರ ಜೊತೆ ಇಟ್ಟು ನೋಡಿ. ಮನುಷ್ಯರಿಗೆ ಸಿಹಿ, ಮನುಷ್ಯರ ನಾಯಿಗೆ ಪಥ್ಯ, ಮಧ್ಯೆ ಇಬ್ಬರಿಗೂ ಟೂತ್‌ಪೇಸ್ಟು. ದುಡ್ಡು ಮನೆಯಿಂದ ಯಾವ ಬಾಗಿಲಲ್ಲಿ ಹೊರಗೆ ಹೋದರೂ ಅಲ್ಲೊಬ್ಬರು ನಿಂತಿರುತ್ತಾರೆ. ನಾವಾದರೂ ಏನು ಕಡಿಮೆ? ನಾಯಿಗೆ ಬ್ರೌನಿ ಎಂದು ಹೆಸರಿಡುತ್ತೇವೆ. ಇಲ್ಲವೇ ಓರಿಯೋ, ಕೋಕೋ. ತಿಂದರೆ ಆಸ್ಪತ್ರೆ ಸೇರಬೇಕಾದ ಪದಾರ್ಥದ ಹೆಸರನ್ನೇ ಹುಡುಕಿ ಹುಡುಕಿ ಇಟ್ಟು, ದಿನಕ್ಕೆ ನೂರು ಸಲ ಅದನ್ನು ಕೂಗಿ ಕರೆಯುತ್ತೇವೆ.

ಈ ಇಡೀ ವ್ಯಾಪಾರ ಶುರುವಾದದ್ದೂ ಒಬ್ಬ ಸೇಲ್ಸ್‌ಮನ್‌ನಿಂದಲೇ. ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದವನು 1860ರ ಸುಮಾರಿಗೆ ಲಂಡನ್ನಿಗೆ ಹೋಗಿದ್ದದ್ದು ಸಿಡಿಲು ತಡೆಯುವ ಕಂಬಿ ಮಾರಲು. ಬಂದರಿನಲ್ಲಿ ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ತಿನ್ನುವುದನ್ನು ಕಂಡನಂತೆ. ಆಕಾಶದಿಂದ ಸಿಡಿಲು ಬೀಳುವುದು ಅಪರೂಪ, ಭೂಮಿಯ ಮೇಲೆ ನಾಯಿಗೆ ಹಸಿವಾಗುವುದು ದಿನಕ್ಕೆರಡು ಸಲ ಎಂಬ ಲೆಕ್ಕ ಅವನಿಗೆ ತಕ್ಷಣ ಹೊಳೆಯಿತು. ಗೋಧಿ, ತರಕಾರಿ, ಮಾಂಸದ ಅಂಶ ಸೇರಿಸಿ ನಾಯಿ ಬಿಸ್ಕತ್ತು ಮಾಡಿದ. ಅವನ ಕಂಪನಿಯಲ್ಲಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನ ಶುರುಮಾಡಿದ. ಅದು ಇವತ್ತಿಗೂ ನಡೆಯುತ್ತಿದೆ.

ಪಥ್ಯದ ಕಥೆ ಮಾತ್ರ ಇಷ್ಟು ಹಗುರವಲ್ಲ. 1939ರಲ್ಲಿ ಮಾರಿಸ್ ಫ್ರ್ಯಾಂಕ್ ಎಂಬ ಅಂಧರೊಬ್ಬರ ದಾರಿ ತೋರುವ ನಾಯಿಗೆ ಮೂತ್ರಪಿಂಡ ಕೆಟ್ಟಿತು. ಮಾರ್ಕ್ ಮಾರಿಸ್ ಎಂಬ ಪಶುವೈದ್ಯರು ಅದಕ್ಕಾಗಿ ಪ್ರೋಟೀನು ಕಡಿಮೆಯಿರುವ ಊಟವೊಂದನ್ನು ಮಾಡಿಕೊಟ್ಟರು. ಗಾಜಿನ ಜಾಡಿಗಳಲ್ಲಿ ಕಳಿಸಿದರೆ ದಾರಿಯಲ್ಲಿ ಒಡೆಯುತ್ತಿದ್ದವು. ಕೊನೆಗೆ 1948ರಲ್ಲಿ ಹಿಲ್ಸ್ ಕಂಪನಿ ಅದನ್ನು ಡಬ್ಬಿಗೆ ತುಂಬಿತು. ಆ ನಾಯಿಯ ಹೆಸರು ಬಡ್ಡಿ. ಅಸಲು ಅಲ್ಲಿಗೇ ತೀರಿತು, ಉಳಿದದ್ದನ್ನು ನಾವು ತಿಂಗಳು ತಿಂಗಳು ಕಟ್ಟುತ್ತಿದ್ದೇವೆ. ಕುಚೋದ್ಯ ಬಿಟ್ಟು ಹೇಳುವುದಾದರೆ, ಕಿಡ್ನಿ ಕೆಟ್ಟ ನಾಯಿಗೆ ಅಂಥ ಊಟ ನಿಜಕ್ಕೂ ಆಯುಷ್ಯ ಕೊಡುತ್ತದೆ. ನನ್ನ ತಕರಾರು ಆ ಡಬ್ಬಿಯ ಮೇಲಲ್ಲ. ಕಾಯಿಲೆ ಇಲ್ಲದವರ ಮನೆಯಲ್ಲಿ ಅದಕ್ಕೆ ಸಿಕ್ಕಿರುವ ಸಿಂಹಾಸನದ ಮೇಲೆ.

ನಮ್ಮ ಮೇಲಿನ ಮನೆಯ ಬ್ರೌನಿಯ ವಿಷಯಕ್ಕೆ ಬರುತ್ತೇನೆ. ಲ್ಯಾಬ್ರಡಾರ್, ಬಣ್ಣ ಹೆಸರಿಗೆ ತಕ್ಕಂತೆ. ಹೊಟ್ಟೆ ಸೂಕ್ಷ್ಮ ಎಂದು ಮನೆಯ ಸೊಸೆ ಘೋಷಿಸಿ ವರ್ಷವಾಗಿತ್ತು. ಚಿಕನ್‌ನಿಂದ ಲ್ಯಾಂಬಿಗೆ, ಲ್ಯಾಂಬಿನಿಂದ ಸಾಲ್ಮನ್‌ಗೆ, ಅಲ್ಲಿಂದ 'ಗ್ರೇನ್ ಫ್ರೀ'ಗೆ, ಅದೂ ಹಿಡಿಸದೆ ಸಿರಿಧಾನ್ಯದ ನಾಯಿ ಬಿಸ್ಕತ್ತಿಗೆ ಬಡ್ತಿಯಾಗುತ್ತಾ ಬಂದಿತ್ತು. ಊಟ ಬದಲಾಯಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ವಾರ, ಹತ್ತು ದಿನ ತೆಗೆದುಕೊಳ್ಳಬೇಕು ಎಂದು ಪ್ರತಿ ಪ್ಯಾಕೆಟ್ಟಿನ ಮೇಲೂ ಬರೆದಿರುತ್ತದೆ. ಆದರೆ ಭೇದಿಗೆ ಹೆದರಿ ಹೊಸ ಪ್ಯಾಕೆಟ್ ತಂದವರಿಗೆ ಅಷ್ಟು ತಾಳ್ಮೆ ಎಲ್ಲಿ? ರಾತ್ರಿ ಹಳೆಯದು, ಬೆಳಿಗ್ಗೆ ಹೊಸದು. ದಿಢೀರ್ ಬದಲಾವಣೆಗೆ ಕರುಳು ಮತ್ತೆ ಮುನಿಯುತ್ತದೆ. 'ನೋಡಿ, ಇದೂ ಆಗಿಬರಲಿಲ್ಲ' ಎಂದು ಅದಕ್ಕೂ ಮುಂದಿನದು ಬರುತ್ತದೆ. ಯಾವ ಊಟ ಒಗ್ಗುತ್ತದೆ ಎಂದು ಹುಡುಕುವ ಹುಡುಕಾಟವೇ ಹೊಟ್ಟೆ ಕೆಡಿಸುತ್ತಿದೆ ಎನ್ನುವುದು ಯಾವ ಪ್ಯಾಕೆಟ್ಟಿನ ಮೇಲೂ ಇರುವುದಿಲ್ಲ, ಇರಬೇಕಾದ ಕಾರಣವೂ ಇಲ್ಲ.

ಆಟೋದವರು ನಾಯಿ ಹತ್ತಿಸುವುದಿಲ್ಲವಾದ್ದರಿಂದ ಕ್ಲಿನಿಕ್ಕಿಗೆ ನನ್ನ ಕಾರು ಹೊರಟಿತು. ಮಗ, ಸೊಸೆ, ಮೊಮ್ಮಗ, ಅಜ್ಜಿ ಎಲ್ಲರೂ ಹತ್ತಿದರು. ಹಿಂದಿನ ಸೀಟಿನಲ್ಲಿ ಬ್ರೌನಿ ಕಿಟಕಿಯ ಪಕ್ಕ, ಅಜ್ಜಿ ನಡುವೆ ಇರುಕಿಕೊಂಡು. ಮನೆಯ ವಾತಾವರಣ ಗೊತ್ತಿಲ್ಲದವರಿಗೆ ಈ ಸೀಟಿನ ಹಂಚಿಕೆಯೇ ಸಾಕು.

"ಏನು ಊಟ ಹಾಕ್ತಾ ಇದೀರಮ್ಮಾ?" ಅಂದರು ಡಾಕ್ಟರು.

"ಬರೀ ಡಾಗ್ ಫುಡ್ಡು ಡಾಕ್ಟ್ರೇ. ಗ್ರಾಮ್ ಲೆಕ್ಕದಲ್ಲಿ ತೂಕ ಮಾಡಿ ಹಾಕ್ತೀವಿ. ಬೇರೆ ಏನಂದ್ರೆ ಏನೂ ಇಲ್ಲ."

"ನೀವು ಊಟ ಮಾಡೋವಾಗ ಒಂಚೂರು?"

"ಛೇ ಛೇ. ನಾವು ಅದರಲ್ಲಿ ತುಂಬಾ ಸ್ಟ್ರಿಕ್ಟು."

ಬ್ರೌನಿಗೆ ಆ ಕ್ಷಣದಲ್ಲೇ ಸತ್ಯಸಂಧತೆ ಉಕ್ಕಿತು. ಸ್ಟೀಲ್ ಟೇಬಲ್ಲಿನ ಮೇಲೆ ಬೆಳಗಿನದ್ದನ್ನೆಲ್ಲ ಹೊರಹಾಕಿತು. ಡಾಕ್ಟರು ಗ್ಲೌಸು ಹಾಕಿಕೊಂಡು ಅದರಿಂದ ಏನನ್ನೋ ನಿಧಾನವಾಗಿ ಎತ್ತಿ ಬೆಳಕಿಗೆ ಹಿಡಿದರು. ಹಸಿರು, ಉದ್ದುದ್ದ, ನಡುವೆ ನರ, ಒಂದು ಕಡೆ ಎಣ್ಣೆಯಲ್ಲಿ ಕರಿದು ಗರಿಗರಿ.

"ಇದು ಕರಿಬೇವಲ್ವೇನಮ್ಮಾ? ಕಂಪನಿಯವರು ಈಗ ಒಗ್ಗರಣೆ ಹಾಕೇ ಕಳಿಸ್ತಾರೇನು?"

ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬೊಬ್ಬರದೇ ತಪ್ಪೊಪ್ಪಿಗೆ ಶುರುವಾಯಿತು. ಬೆಳಿಗ್ಗೆ ಕಾಫಿಯ ಜೊತೆ ಒಂದೇ ಒಂದು ಮಾರಿ ಬಿಸ್ಕತ್ತು ಎಂದ ಮಗ. ಹೆಂಡತಿ ತಿರುಗಿ ನೋಡಿದ ರೀತಿಗೆ ಅದು ನಾಲ್ಕಾಯಿತು. ಚಿಪ್ಸು ತಾನಾಗೇ ಕೆಳಗೆ ಬಿತ್ತು ಎಂದ ಮೊಮ್ಮಗ. ಸೊಸೆ ತಾನೂ ಚೀಸ್ ಕೊಡುವುದುಂಟು, ಆದರೆ ಅದು 'ಟ್ರೀಟು', ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದಳು. ಕೆಲಸದಾಕೆ ಹಿಂದಿನ ದಿನದ ಚಪಾತಿ ಹಾಕುತ್ತಾಳೆ ಎಂಬುದು ಆಕೆ ಅಲ್ಲಿಲ್ಲದ್ದರಿಂದ ಎಲ್ಲರಿಗಿಂತ ಜೋರಾಗಿ ಹೊರಬಂತು.

ಅಜ್ಜಿಯೊಬ್ಬರೇ ಜಗ್ಗಲಿಲ್ಲ. "ನಾನೇನೂ ಕೊಟ್ಟಿಲ್ಲಪ್ಪ. ವಡೆ ಕರೀತಾ ಇದ್ದೆ. ಅದು ಬಂದು ಹೊಸಲಿನ ಮೇಲೆ ಕೂತ್ಕೊಂಡ್ತು. ಬಾಯಿಲ್ಲದ ಪ್ರಾಣಿ ಎದುರಿಗೆ ಕೂತಿರುವಾಗ ನಾವು ಹೆಂಗಪ್ಪ ತಿನ್ನೋದು?"

"ಬಾಯಿ ಇರೋದೇ ತೊಂದರೆ ಅಜ್ಜಿ ಇದಕ್ಕೆ. ವಡೆ ಒಂದೇನಾ?"

"ಅಷ್ಟೇ. ಸತ್ಯನಾರಾಯಣನ ಪೂಜೆ ದಿನ ಸಪಾದ ಭಕ್ಷ್ಯ. ಪ್ರಸಾದ ಕೊಟ್ಟರೆ ಯಾರಿಗೂ ಏನೂ ಆಗಲ್ಲ."

ಡಾಕ್ಟರ ನಗು ಅಲ್ಲಿಗೆ ನಿಂತಿತು. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ಸ್ವಲ್ಪದರಲ್ಲೇ ಕೆಡಿಸಿಬಿಡುತ್ತವೆ, ಈರುಳ್ಳಿ ಬೆಳ್ಳುಳ್ಳಿ ರಕ್ತದ ಕೆಂಪುಕಣ ಒಡೆಯುತ್ತವೆ ಎಂದು ಬಿಡಿಸಿ ಹೇಳಿದರು. ನಾಯಿಯ ದೇಹಕ್ಕೆ ಭಕ್ತಿ ತಿಳಿಯುವುದಿಲ್ಲ ಎಂದೂ ಸೇರಿಸಿದರು. ಅಜ್ಜಿ ಒಪ್ಪಿದ ಹಾಗೆ ಕಾಣಲಿಲ್ಲ.

ಇನ್ನು ಚಿಕಿತ್ಸೆ. ಆಹಾರದ ಅಲರ್ಜಿ ಇದೆಯೋ ಇಲ್ಲವೋ ತಿಳಿಯಲು ನಂಬಬಹುದಾದ ದಾರಿ ಒಂದೇ: ಎಂಟು ವಾರ ನಾಯಿಗೆ ಒಂದೇ ಒಂದು ಊಟ, ಅದು ಹಿಂದೆಂದೂ ತಿನ್ನದ ಪ್ರೋಟೀನಿನದ್ದು, ಅಥವಾ ಪ್ರೋಟೀನನ್ನು ದೇಹ ಗುರುತು ಹಿಡಿಯದಷ್ಟು ಸಣ್ಣಗೆ ಒಡೆದದ್ದು. ಜೊತೆಗೆ ಬಿಸ್ಕತ್ತಿಲ್ಲ, ಚೀಸಿಲ್ಲ, ವಡೆಯಿಲ್ಲ, ಪ್ರಸಾದವಿಲ್ಲ. ವಾಸಿಯಾದರೆ ಹಳೆಯ ಊಟ ಮತ್ತೆ ಹಾಕಿ ನೋಡಬೇಕು, ಮರುಕಳಿಸಿದರೆ ಅಲರ್ಜಿ. ಇದಕ್ಕೆ ಪ್ರಯೋಗಾಲಯ ಬೇಡ, ಯಂತ್ರ ಬೇಡ. ಬೇಕಾಗಿರುವುದು ಎಂಟು ವಾರ ಸುಮ್ಮನಿರಬಲ್ಲ ಕೈ. ಕರ್ನಾಟಕದ ಯಾವ ಕೂಡುಕುಟುಂಬದಲ್ಲಿ ಅದು ದಾಸ್ತಾನಿದೆ ಎಂದು ನನಗೆ ತಿಳಿಸಿದವರಿಗೆ ಬಹುಮಾನ.

ಅದಕ್ಕೇ ಜನ ಅಡ್ಡದಾರಿ ಹಿಡಿಯುತ್ತಾರೆ. ನಾಯಿಯ ನಾಲ್ಕು ಕೂದಲು, ಎಂಜಲು ಕಳಿಸಿದರೆ ಅಲರ್ಜಿಗಳ ಉದ್ದನೆಯ ಪಟ್ಟಿ ಕಳಿಸುವ ಪ್ರಯೋಗಾಲಯಗಳು ಹೊರದೇಶದಲ್ಲಿವೆ. ಅಮೆರಿಕದ ಪಶು ಚರ್ಮವೈದ್ಯರಿಬ್ಬರು ಕುಚೇಷ್ಟೆಗೋ ಶಾಸ್ತ್ರಕ್ಕೋ, ನಾಯಿಗಳ ಮಾದರಿಯ ಜೊತೆ ಕೃತಕ ತುಪ್ಪಳ ಮತ್ತು ಸಲೈನ್ ನೀರನ್ನೂ ಕಳಿಸಿ ನೋಡಿದರು. ಅದಕ್ಕೂ ಅಲರ್ಜಿಯ ಪಟ್ಟಿ ಬಂತು! 2019ರಲ್ಲಿ ಇದು ಪ್ರಕಟವಾಯಿತು. ಪರೀಕ್ಷೆಯ ವ್ಯಾಪಾರ ನಿಂತಿಲ್ಲ. ಗೊಂಬೆಗೂ ಪಥ್ಯ ಹೇಳಬಲ್ಲ ಶಾಸ್ತ್ರ ನಾಯಿಗೆ ಹೇಳದೆ ಬಿಟ್ಟೀತೇ?

ಬ್ರೌನಿಗೆ ಡಾಕ್ಟರು ಬರೆದದ್ದು ಒಡೆದ ಪ್ರೋಟೀನಿನ ಊಟ. ಮನೆಯವರು ಶುದ್ಧ ಸಸ್ಯಾಹಾರಿಗಳು. ಅದುವರೆಗೆ ಚಿಕನ್, ಲ್ಯಾಂಬು, ಸಾಲ್ಮನ್ನು ಬಂದದ್ದಾದರೂ ಹೇಗೆಂದರೆ, ಬಿಸ್ಕತ್ತಿನ ಆಕಾರದಲ್ಲಿರುವುದಕ್ಕೆ ಮೈಲಿಗೆಯಿಲ್ಲ ಎಂಬ ನಿಯಮ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಜಾರಿಯಲ್ಲಿತ್ತು. ಬಾಲ್ಕನಿಯ ಡಬ್ಬಿ, ಬೇರೆ ಚಮಚ, ಪ್ಯಾಕೆಟ್ಟಿನ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಡುವ ಮರ್ಯಾದೆ. ಈ ಹೊಸ ಮೂಟೆಯ ಬಗ್ಗೆ ಅಜ್ಜಿಗೆ ಯಾಕೋ ಅನುಮಾನ ಬಂತು.

"ಇದರಲ್ಲಿ ಏನಿದೆ ಡಾಕ್ಟ್ರೇ?"

"ಕೋಳಿ ಪುಕ್ಕ ಅಜ್ಜಿ. ಪುಕ್ಕಾನ ಒಡೆದು ಒಡೆದು ಪುಡಿ ಮಾಡಿರ್ತಾರೆ. ಅಲರ್ಜಿ ಆಗಲ್ಲ."

"ಮಾಂಸ ಅಲ್ವಲ್ಲ?"

"ಅಲ್ಲ, ಪುಕ್ಕ."

"ಹಂಗಾದ್ರೆ ಪರವಾಗಿಲ್ಲ" ಎಂದು ಅಜ್ಜಿ ಧರ್ಮಸೂಕ್ಷ್ಮ ಬಗೆಹರಿಸಿದರು. ಡಾಕ್ಟರು ಹೇಳಿದ್ದು ತಮಾಷೆಯಲ್ಲ. ಇಂಥ ಒಂದು ಆಹಾರಕ್ಕೆ ಪ್ರೋಟೀನು ನಿಜವಾಗಿಯೂ ಪುಕ್ಕದಿಂದಲೇ ಬರುತ್ತದೆ. ಕೋಳಿ ಅಂಗಡಿಯವನು ಡ್ರಮ್ಮಿಗೆ ಎಸೆಯುವ ಪುಕ್ಕ ಕೋಳಿಗಿಂತ ದುಬಾರಿಯಾಗಿ ಮನೆಗೆ ಬರುತ್ತದೆ. ಬಿಲ್ಲು ನೋಡಿ ಮಗ ಮಾತಿಲ್ಲದೆ ಕಾರ್ಡು ಕೊಟ್ಟ. ಅಜ್ಜಿ ಸಂದರ್ಭ ಬಿಡಲಿಲ್ಲ: "ನನಗೂ ಗ್ಯಾಸ್ಟ್ರಿಕ್ಕು ಡಾಕ್ಟ್ರೇ. ಇವನು ಹುಟ್ಟಿದಾಗಿನಿಂದ. ನನಗೆ ಜೀರಿಗೆ ಕಷಾಯ ಕುಡೀರಿ ಅಂತಾರೆ."

"ನಾನು ಪ್ರಾಣಿಗಳಿಗೆ ಮಾತ್ರ ಅಜ್ಜಿ."

"ಅದೇ ನನ್ನ ದುರದೃಷ್ಟ."

ಸಾಮಾನ್ಯ ಹೊಟ್ಟೆ ಕೆಟ್ಟಾಗಿನ ಮಾತು ಬೇರೆ. ವಾಂತಿ ಭೇದಿಯಾದ ನಾಯಿಗೆ ಒಂದೆರಡು ದಿನ ಮೆತ್ತಗೆ ಬೇಯಿಸಿದ ಅನ್ನ, ಉಪ್ಪು ಖಾರವಿಲ್ಲದ ಬೆಂದ ಕೋಳಿ, ಸ್ವಲ್ಪ ಸ್ವಲ್ಪ. ರಕ್ತ ಕಂಡರೆ, ಮಂಕಾದರೆ, ನೀರೂ ನಿಲ್ಲದಿದ್ದರೆ, ಮರಿಯಾಗಿದ್ದರೆ ಕಾಯದೆ ಡಾಕ್ಟರ ಬಳಿ. ಇಷ್ಟನ್ನು ಯಾವ ಪಶುವೈದ್ಯರೂ ಫೋನಿನಲ್ಲೇ ಹೇಳುತ್ತಾರೆ. ಆದರೆ ಅನ್ನ ಎಂದ ತಕ್ಷಣ ಇಂದಿನ ನಾಯಿಯ ತಂದೆತಾಯಿಗಳ ಮುಖ ಬಾಡುತ್ತದೆ. "ಕಾರ್ಬ್ಸ್ ಅಲ್ವಾ ಡಾಕ್ಟ್ರೇ?"

ಈ ಕಾರ್ಬ್ಸ್ ಭಯ ಬಂದದ್ದು ಮಾಲೀಕರ ಸೊಂಟದಿಂದ. ಅವರು ಗೋಧಿ ಬಿಟ್ಟರು, ಆದ್ದರಿಂದ ನಾಯಿಯೂ ಬಿಡಬೇಕು. ನಾಯಿ ತೋಳದ ವಂಶ, ತೋಳ ಚಪಾತಿ ತಿನ್ನುತ್ತಿತ್ತೇ ಎಂಬುದು ಇವರ ವಾದ. ತೋಳ ಬೆಳಿಗ್ಗೆ ಎಂಟಕ್ಕೆ ಎಸಿ ರೂಮಿನ ಸೋಫಾದ ಮೇಲೆ ಮಗುಚಿ ಮಲಗುತ್ತಿತ್ತೇ ಎಂದು ಇವರನ್ನು ಯಾರೂ ಕೇಳುವುದಿಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲೇ ತೋರಿಸಿದರು: ಪಿಷ್ಟ ಅರಗಿಸುವ ಕಿಣ್ವದ ವಂಶವಾಹಿ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯ ಬೇಸಾಯಕ್ಕಿಳಿದ, ನಾಯಿ ಅವನ ತಿಪ್ಪೆಗಿಳಿಯಿತು, ಅದರ ಹೊಟ್ಟೆ ನಮ್ಮ ಹೊಟ್ಟೆಯ ಜೊತೆಜೊತೆಗೇ ಪಳಗಿತು. ಮಂಡ್ಯದ ಕಡೆ ರಾಗಿ ಮುದ್ದೆ ನುಂಗಿ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ತಿಂದು ತೋಟ ಕಾದ ನಾಯಿಗಳಿಗೆ ಈ ಲೇಖನ ತಲುಪಿರಲಿಲ್ಲ, ಆದರೂ ಅರಗಿಸಿಕೊಂಡವು. 'ಗ್ರೇನ್ ಫ್ರೀ' ಮಾಡುವವರು ಧಾನ್ಯದ ಜಾಗಕ್ಕೆ ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದರು. 2018ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ, ಇಂಥ ಊಟಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇರಬಹುದೇ ಎಂದು ತನಿಖೆ ಶುರುಮಾಡಿತು. 2022ರ ಕೊನೆಗೆ, ಕಾರಣ ಇದೇ ಎಂದು ಸಾಬೀತು ಮಾಡಲು ಸಾಕ್ಷ್ಯ ಸಾಲದು ಎಂದು ಹೇಳಿ ಸುಮ್ಮನಾಯಿತು. ಅಲ್ಲಿಯ ಗ್ರಾಹಕರು ಅನುಮಾನಪಡಲು ಶುರುಮಾಡಿದ ಹೊತ್ತಿಗೆ ಸರಕು ಇಂದಿರಾನಗರಕ್ಕೆ ಬಂದು 'ನ್ಯೂ ಅರೈವಲ್' ಆಯಿತು.

ಹಾಗಾದರೆ ನಾಯಿಗಳಿಗೆ ಅಲರ್ಜಿ ಯಾವುದಕ್ಕೆ? ಅಲರ್ಜಿ ಖಚಿತವಾದ 297 ನಾಯಿಗಳ ವರದಿಗಳನ್ನು 2016ರಲ್ಲಿ ಒಟ್ಟುಮಾಡಿ ನೋಡಿದರೆ ಮೊದಲ ಸ್ಥಾನ ದನದ ಮಾಂಸಕ್ಕೆ, ಶೇ 34. ಎರಡನೆಯದು ಹಾಲಿನ ಪದಾರ್ಥ, ಶೇ 17. ಆಮೇಲೆ ಕೋಳಿ, ಅದರ ಹಿಂದೆ ಗೋಧಿ. ಬೀಫ್ ಎಂಬ ಹೆಸರೆತ್ತಿದರೇ ಅಲರ್ಜಿಯಾಗುವ ಮನೆಯವರಿಗೆ ಈ ಪಟ್ಟಿಯ ಮೊದಲ ಸಾಲು ತುಂಬ ಹಿಡಿಸಿತು. ಎರಡನೆಯ ಸಾಲು ಮೊಸರನ್ನದ ಮೇಲೆ ಬಂದದ್ದರಿಂದ ಅಧ್ಯಯನವೇ ಸರಿಯಿಲ್ಲ ಎಂದರು.

ಬೆಕ್ಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಅದು ಯಾರ ಸಲಹೆಯನ್ನೂ ಕೇಳುವುದಿಲ್ಲ. ಅದು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಂಶ ಊಟದಲ್ಲಿ ಕಡಿಮೆಯಾದರೆ ಅದರ ಹೃದಯ ಸೋಲುತ್ತದೆ ಎಂದು 1987ರಲ್ಲಿ ಗೊತ್ತಾಯಿತು, ಟಾರಿನ್ ಸಿಗುವುದು ಮಾಂಸ ಮೀನಿನಲ್ಲಿ. ಸಿಹಿಯ ರುಚಿ ಅದರ ನಾಲಿಗೆಗೆ ಹತ್ತುವುದೇ ಇಲ್ಲ. ಆದರೂ ಬೆಕ್ಕಿಗೆ ಹಾಲು, ಅದೂ ಸಕ್ಕರೆ ಹಾಕಿ, ಇಟ್ಟು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಲ್ಯಾಕ್ಟೋಸ್ ಅರಗುವುದಿಲ್ಲ. ಈ ವಿಷಯದಲ್ಲಿ ವಿಜಯನಗರದ ತೆನಾಲಿ ರಾಮಕೃಷ್ಣನೇ ಮುಂದಾಲೋಚನೆಯವನು. ಅರಸ ಬೆಕ್ಕು ಸಾಕಲೆಂದು ಹಸು ಕೊಟ್ಟರೆ, ಬೆಕ್ಕಿಗೆ ಕುದಿಯುವ ಹಾಲು ಕುಡಿಸಿ ಬಾಯಿ ಸುಡಿಸಿದ. ಆಮೇಲೆ ಅದು ಹಾಲು ಕಂಡರೆ ಓಡತೊಡಗಿತು, ಹಾಲೆಲ್ಲ ಅವನೇ ಕುಡಿದ. ಮಾಲೀಕನ ಅನುಕೂಲಕ್ಕೆ ಪ್ರಾಣಿಯ ಪಥ್ಯ ನಿರ್ಧಾರವಾದ ಮೊದಲ ಪ್ರಕರಣ ಇದೇ ಇರಬೇಕು. ಕೊನೆಯದಂತೂ ಆಗಲಿಲ್ಲ. ತಾನು ವೀಗನ್ ಆದ ಮಾರನೆಯ ವಾರ ಬೆಕ್ಕಿಗೂ ಕಡಲೆಕಾಳು ಬೇಯಿಸಿಟ್ಟು, ಅದು ಪಕ್ಕದ ಮನೆಯ ಹೆಂಚಿನ ಮೇಲೆ ಇಲಿ ಹಿಡಿದರೆ 'ಇನ್ನೂ ಟ್ರಾನ್ಸಿಷನ್‌ನಲ್ಲಿದೆ' ಎನ್ನುವವರನ್ನು ನಾನು ಬಲ್ಲೆ.

ಬೀದಿನಾಯಿಗೆ ಎಲ್ಲಿಯ ಸೂಕ್ಷ್ಮ ಹೊಟ್ಟೆ, ಕಲ್ಲು ತಿಂದು ಕರಗಿಸುತ್ತದೆ ಎಂದು ಇದನ್ನೆಲ್ಲ ಕೇಳಿದ ಹಿರಿಯರು ಹೇಳುವುದುಂಟು. ಅದೂ ಬೊಗಳೆ. ಹೊಟ್ಟೆ ಸೂಕ್ಷ್ಮವಾಗಿದ್ದ ಬೀದಿಮರಿಗಳು ಮೋರಿ ಪಕ್ಕದಲ್ಲಿ ಸತ್ತವು, ಉಳಿದವು ಗಟ್ಟಿ ಎನಿಸಿಕೊಂಡವು. ಸತ್ತವುಗಳ ಲೆಕ್ಕ ಯಾರೂ ಇಟ್ಟಿಲ್ಲ. 2025ರಲ್ಲಿ ಬೆಂಗಳೂರಿನ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ದಿನವೂ ಊಟ ಹಾಕುವ ಯೋಜನೆಗೆ ಟೆಂಡರ್ ಕರೆಯಿತು. ತಲೆಗೆ 150 ಗ್ರಾಂ ಕೋಳಿ, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ, ಖರ್ಚು 22 ರೂಪಾಯಿ 42 ಪೈಸೆ. ಊರೆಲ್ಲ 'ನಾಯಿಗೆ ಬಿರಿಯಾನಿ' ಎಂದು ಬೊಬ್ಬೆ ಹಾಕಿತು. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅನ್ನ, ಕೋಳಿ, ತರಕಾರಿ: ಪಶುವೈದ್ಯರು ಹೊಟ್ಟೆ ಕೆಟ್ಟ ನಾಯಿಗೆ ಹೇಳುವ ಊಟಕ್ಕೆ ತುಂಬ ಹತ್ತಿರದ್ದು, ನಮ್ಮ ಬ್ರೌನಿಯ ಪುಕ್ಕದ ಪುಡಿಗಿಂತ ಎಷ್ಟೋ ಪಾಲು ಅಗ್ಗದ್ದು. ಗುತ್ತಿಗೆದಾರನ ಪಾತ್ರೆಯಿಂದ ನಾಯಿಯ ಬಾಯಿಗೆ ಬರುವಷ್ಟರಲ್ಲಿ 150 ಗ್ರಾಮಿನಲ್ಲಿ ಎಷ್ಟು ಉಳಿದೀತು ಎಂದು ಕೇಳಬೇಕಿತ್ತು. ಅದನ್ನು ಬಿಟ್ಟು ಬೀದಿನಾಯಿಗೇಕೆ ಕೋಳಿ ಎಂದು ಕೇಳಿದೆವು. ಹೋಗಲಿ, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆ ಮಕ್ಕಳ ತಟ್ಟೆಗೆ ಒಂದು ಮೊಟ್ಟೆ ಬೀಳುವಾಗಲೇ ಮಠಾಧೀಶರ ಭಾವನೆಗೆ ಅಜೀರ್ಣವಾಗಿತ್ತು. ಈ ನಾಡಿನಲ್ಲಿ ಇನ್ನೊಬ್ಬರ ಪ್ರೋಟೀನು ಅರಗುವುದು ಯಾವಾಗಲೂ ಕಷ್ಟ.

ಬ್ರೌನಿಯ ಎಂಟು ವಾರ ಮುಗಿದವು. ಹೊಟ್ಟೆ ಸರಿಹೋಯಿತು, ಕೆರೆತ ನಿಂತಿತು, ಕೂದಲಿಗೆ ಹೊಳಪು ಬಂತು. ಕೀರ್ತಿಗೆ ಮಾತ್ರ ಜಗಳ. ಸೊಸೆ ಪುಕ್ಕದ ಪುಡಿಗೆ ಕೊಟ್ಟಳು. ಮಗ ತಾನು ತರಿಸಿದ ಪ್ರೋಬಯಾಟಿಕ್ ಪೌಡರಿಗೆ ಕೊಟ್ಟ. ಏನೂ ಬೆರೆಸಬಾರದು ಎಂದಿದ್ದರೂ ಅವನು ಬೆರೆಸಿದ್ದು ಆಗ ಬಯಲಾಯಿತು. ಕೆಲಸದಾಕೆ ಒಂದು ಅಮಾವಾಸ್ಯೆಯ ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದಳಂತೆ. ಡಾಕ್ಟರು ಎಲ್ಲರ ಮಾತನ್ನೂ ಕೇಳಿ, ಫೈಲಿನ ತಾರೀಖು ನೋಡಿ ವಿಚಾರಿಸಿದರು:

"ಅಜ್ಜಿ ಕಾಣಿಸ್ತಿಲ್ಲ?"

"ಶಿವಮೊಗ್ಗದಲ್ಲಿದಾರೆ ಡಾಕ್ಟ್ರೇ. ನಾದಿನಿ ಬಾಣಂತನ. ಎರಡು ತಿಂಗಳಾಯ್ತು."

"ಯಾವಾಗ ವಾಪಸು?"

"ಬರೋ ಭಾನುವಾರ."

ಡಾಕ್ಟರು ಚೀಟಿಯ ಮೇಲೆ ಮುಂದಿನ ಭೇಟಿಗೆ ಸೋಮವಾರ ಎಂದು ಬರೆದರು.

ಅಜ್ಜಿ ಬಂದರು. ಕೈಯಲ್ಲಿ ಕೋಡುಬಳೆಯ ಸ್ಟೀಲ್ ಡಬ್ಬಿ. ಬ್ರೌನಿ ಮೆಟ್ಟಿಲಿಳಿದು ಓಡಿಬಂದ ರಭಸಕ್ಕೆ ನಮ್ಮ ಮನೆಯ ಬಾಗಿಲೂ ಅದುರಿತು. ಸೊಸೆ ಡಾಕ್ಟರ ಚೀಟಿಯನ್ನು ಅತ್ತೆಯ ಮುಂದಿಟ್ಟಳು. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ತಿರುಗಿಸಿ ಹಿಂಭಾಗವನ್ನೂ ಓದಿದರು.

"ಎಲ್ಲ ಬರೆದಿದಾನೆ. ವಡೆ ಬರೆದಿದಾನೆ, ದ್ರಾಕ್ಷಿ ಬರೆದಿದಾನೆ. ಕೋಡುಬಳೆ ಎಲ್ಲಿ ಬರೆದಿದಾನೆ ತೋರ್ಸು ನೋಡೋಣ."